ಟೂಟಿ ಫ್ರೂಟಿ ಕೇಕ್: ಹಣ್ಣು ತಳ ಸೇರದಂತೆ

ಬೇಕರಿಯ ಟೂಟಿ ಫ್ರೂಟಿ ಕೇಕನ್ನು ಕತ್ತರಿಸಿದರೆ ಕೆಂಪು, ಹಸಿರು, ಹಳದಿ ಚೂರುಗಳು ಮೇಲಿಂದ ಕೆಳಗಿನವರೆಗೂ ಹರಡಿಕೊಂಡಿರುತ್ತವೆ. ಮನೆಯಲ್ಲಿ ಮಾಡಿದ್ದರಲ್ಲಿ ಬಹಳ ಸಲ ಅವೆಲ್ಲ ತಳಕ್ಕಿಳಿದು ಒಂದು ಪದರವಾಗಿ ಕೂತಿರುತ್ತವೆ. ಅಲ್ಲಿ ಕೇಕು ಅಂಟಂಟು, ಮೇಲೆ ಬರೀ ಬೋಳು ಸ್ಪಂಜು. ಇದಕ್ಕೆ ಎಲ್ಲರೂ ಹೇಳುವ ಮದ್ದು ಒಂದೇ: ಹಣ್ಣಿಗೆ ಮೈದಾ ಸವರಿ. ಸವರಬೇಕು, ನಿಜ. ಆದರೆ ಹಿಟ್ಟು ನೀರಾಗಿದ್ದರೆ, ಹಣ್ಣಿನಿಂದ ಪಾಕ ಜಿನುಗುತ್ತಿದ್ದರೆ ಎಷ್ಟು ಮೈದಾ ಸವರಿದರೂ ಅದು ಮುಳುಗುವುದೇ. ಹಾಗಾಗಿ ನಾನು ಕೇಕಿನ ಕೆಲಸವನ್ನು ಹಣ್ಣಿನಿಂದಲೇ ಶುರು ಮಾಡುತ್ತೇನೆ, ಅದೂ ಎರಡು ದಿನ ಮೊದಲೇ.

ಟೂಟಿ ಫ್ರೂಟಿ ಅಂದರೆ ಬಹುಪಾಲು ಪಪ್ಪಾಯಿ ಕಾಯಿ, ಸಕ್ಕರೆ ಮತ್ತು ಬಣ್ಣ. ಕಾಯಿ ಪೂರ್ತಿ ಹಸಿರಾಗಿರಬೇಕು. ಒಳಗೆ ತಿರುಳು ಹಳದಿಗೆ ತಿರುಗಿದ್ದರೆ ಬೇಯಿಸುವಾಗ ಮುದ್ದೆಯಾಗುತ್ತದೆ. ಸಿಪ್ಪೆ ದಪ್ಪವಾಗಿ ಹೆರೆದು, ಬೀಜ ಮತ್ತು ಒಳಗಿನ ಬಿಳಿ ಪೊರೆ ತೆಗೆದು, ಹಾಲು ಹೋಗುವಂತೆ ಎರಡು ನೀರಿನಲ್ಲಿ ತೊಳೆಯಿರಿ. ಆಮೇಲೆ ಅರ್ಧ ಸೆಂಟಿಮೀಟರಿನ ಚೌಕ ಚೂರುಗಳಾಗಿ ಹೆಚ್ಚಿ. ದೊಡ್ಡ ಚೂರು ಭಾರ, ಮುಳುಗುವುದಕ್ಕೆ ಅದೂ ಒಂದು ಕಾರಣ. ಕಲ್ಲಂಗಡಿ ಸಿಪ್ಪೆಯ ಒಳಗಿನ ಬಿಳಿ ಭಾಗವನ್ನೂ ಹೀಗೇ ಬಳಸಬಹುದು.

ಹೆಚ್ಚಿದ ಚೂರು 500 ಗ್ರಾಂ ಇದ್ದರೆ, ಮೊದಲು ಕುದಿಯುವ ನೀರಿಗೆ ಹಾಕಿ ಐದಾರು ನಿಮಿಷ ಬೇಯಿಸಿ. ಅಂಚುಗಳು ಪಾರದರ್ಶಕವಾಗಬೇಕು, ಬೆರಳಲ್ಲಿ ಒತ್ತಿದರೆ ಬಾಗಬೇಕು, ಒಡೆಯಬಾರದು. ಈ ಹಂತ ಬಿಟ್ಟು ಹಸಿ ಚೂರನ್ನೇ ಪಾಕಕ್ಕೆ ಹಾಕುವವರಿದ್ದಾರೆ. ಆಗ ಸಕ್ಕರೆ ಒಳಗೆ ಹೋಗುವ ಮೊದಲೇ ಚೂರಿನ ನೀರು ಹೊರಗೆ ಬಂದುಬಿಡುತ್ತದೆ, ಹಣ್ಣು ಸುಕ್ಕಾಗಿ ಚರ್ಮದಂತೆ ಗಟ್ಟಿಯಾಗುತ್ತದೆ. ಬೆಂದ ಚೂರನ್ನು ಸೋಸಿ, 400 ಗ್ರಾಂ ಸಕ್ಕರೆ ಮತ್ತು 200 ಮಿಲಿ ನೀರು ಕರಗಿಸಿದ ಪಾಕಕ್ಕೆ ಹಾಕಿ ಮಧ್ಯಮ ಉರಿಯಲ್ಲಿಡಿ. ಒಂದೆಳೆ ಪಾಕ ಬಂದ ಕೂಡಲೇ ಇಳಿಸಿ. ಸುಮಾರು ಹನ್ನೆರಡರಿಂದ ಹದಿನೈದು ನಿಮಿಷ. ಎರಡೆಳೆಗೆ ಹೋದರೆ ಒಣಗಿದ ಮೇಲೆ ಸಕ್ಕರೆ ಹರಳುಗಟ್ಟಿ ಬೆಳ್ಳಗೆ ಕೂರುತ್ತದೆ. ಅದನ್ನು ತಡೆಯಲು ಇಳಿಸುವ ಮುನ್ನ ಒಂದು ಟೀ ಚಮಚ ನಿಂಬೆರಸ ಹಾಕುತ್ತೇನೆ.

ಬಿಸಿ ಆರಿದ ಮೇಲೆ ಪಾಕದ ಸಮೇತ ಮೂರು ಬಟ್ಟಲಿಗೆ ಹಂಚಿ ಬಣ್ಣ ಬೆರೆಸಿ. ಅಂಗಡಿಯಲ್ಲಿ ರಾಸ್ಪ್‌ಬೆರಿ ರೆಡ್, ಲೆಮನ್ ಯೆಲ್ಲೊ, ಆಪಲ್ ಗ್ರೀನ್ ಎಂದು ಸಿಗುವ ತಿನ್ನುವ ಬಣ್ಣ, ಬಟ್ಟಲಿಗೆ ಎರಡು ಮೂರು ಹನಿ ಧಾರಾಳ. ಬೀಟ್‌ರೂಟ್ ರಸ ಹಾಕಿದರೆ ಬಟ್ಟಲಲ್ಲಿ ಚೆಂದ ಕಾಣುತ್ತದೆ, ಆದರೆ ಕೇಕಿನ ಬಿಸಿಗೆ ಕಂದಿ ಮಂಕಾಗುತ್ತದೆ. ರಾತ್ರಿಯಿಡೀ ನೆನೆದ ಚೂರನ್ನು ಬೆಳಿಗ್ಗೆ ಜರಡಿಗೆ ಸುರಿದು ಒಂದು ಗಂಟೆ ಬಿಡಿ. ಆಮೇಲೆ ಬಟರ್ ಪೇಪರ್ ಮೇಲೆ ಬಿಡಿಬಿಡಿಯಾಗಿ ಹರಡಿ ಫ್ಯಾನಿನ ಕೆಳಗೆ ಒಂದು ಇಡೀ ದಿನ ಇಡಿ. ಮಳೆಗಾಲವಾದರೆ ಎರಡು ದಿನ. ಮುಟ್ಟಿದರೆ ಬೆರಳಿಗೆ ಒದ್ದೆ ಹತ್ತಬಾರದು, ಬಗ್ಗಿಸಿದರೆ ಬಗ್ಗಬೇಕು. ಇಷ್ಟು ಹಣ್ಣು ಮೂರು ಕೇಕಿಗೆ ಆಗುತ್ತದೆ, ಡಬ್ಬಿಯಲ್ಲಿ ಫ್ರಿಜ್ಜಿಗಿಟ್ಟರೆ ಎರಡು ತಿಂಗಳು ಏನೂ ಆಗುವುದಿಲ್ಲ. ಉಳಿದ ಪಾಕವನ್ನು ಚೆಲ್ಲಬೇಡಿ, ಶರಬತ್ತಿಗೆ ಚೆನ್ನಾಗಿರುತ್ತದೆ.

ಅಂಗಡಿಯದ್ದೇ ತರುವವರು ಪೊಟ್ಟಣದಿಂದ ನೇರ ಹಿಟ್ಟಿಗೆ ಸುರಿಯಬೇಡಿ. ಬೆಚ್ಚಗಿನ ನೀರಿನಲ್ಲಿ ಹತ್ತು ಸೆಕೆಂಡು ಅಲುಗಾಡಿಸಿ, ಸೋಸಿ, ಬಟ್ಟೆಯಲ್ಲಿ ಒತ್ತಿ, ಅರ್ಧ ಗಂಟೆ ಆರಲು ಬಿಡಿ. ಹೊರಗಿನ ಪಾಕವೂ ಸಡಿಲ ಬಣ್ಣವೂ ಅಲ್ಲೇ ಹೋಗುತ್ತವೆ. ಕೇಕಿನಲ್ಲಿ ಹಸಿರು ಚೂರಿನ ಸುತ್ತ ಕಾಣುವ ಹಸಿರು ಕಲೆ ಈ ತೊಳೆಯದ ಬಣ್ಣದ್ದೇ.

ಇನ್ನು ಕೇಕು. ನಾನು ಮಾಡುವುದು ಮೊಟ್ಟೆ ಇಲ್ಲದ, ಮೊಸರಿನದು. ಏಳು ಇಂಚಿನ ದುಂಡು ಟಿನ್ನಿಗೆ ಮೈದಾ 180 ಗ್ರಾಂ, ಪುಡಿ ಮಾಡಿದ ಸಕ್ಕರೆ 150 ಗ್ರಾಂ, ಗಟ್ಟಿ ಮೊಸರು 240 ಗ್ರಾಂ, ವಾಸನೆಯಿಲ್ಲದ ಎಣ್ಣೆ 100 ಮಿಲಿ, ಬೇಕಿಂಗ್ ಪೌಡರ್ ಒಂದೂಕಾಲು ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ವೆನಿಲಾ ಎಸೆನ್ಸ್ ಒಂದು ಟೀ ಚಮಚ, ಚಿಟಿಕೆ ಉಪ್ಪು, ಟೂಟಿ ಫ್ರೂಟಿ 100 ಗ್ರಾಂ. ಚಮಚ ಅಂದರೆ ಅಳತೆಯ ಚಮಚ, ತಲೆ ಸವರಿ ಸಮ ಮಾಡಿದ್ದು. ಸೋಡಾವನ್ನು ಕಣ್ಣಂದಾಜಿನಲ್ಲಿ ಹಾಕಿದರೆ ಕೇಕು ಕೆಟ್ಟಂತೆಯೇ. ತಕ್ಕಡಿ ಇಲ್ಲದಿದ್ದರೆ 240 ಮಿಲಿ ಕಪ್ಪಿನಲ್ಲಿ ಮೈದಾ ಒಂದೂವರೆ ಕಪ್ಪು, ಮೊಸರು ಒಂದು ಕಪ್ಪು. ಮೈದಾವನ್ನು ಕಪ್ಪಿಗೆ ಒತ್ತಿ ತುಂಬಬೇಡಿ, ಒತ್ತಿದರೆ ಕಪ್ಪಿಗೆ 20 ಗ್ರಾಂ ಸುಲಭವಾಗಿ ಹೆಚ್ಚಾಗುತ್ತದೆ. ಮೊಟ್ಟೆ ಹಾಕುವವರು ಎರಡು ಮೊಟ್ಟೆ ಹಾಕಿ ಮೊಸರನ್ನು 100 ಗ್ರಾಂಗೆ, ಸೋಡಾವನ್ನು ಕಾಲು ಚಮಚಕ್ಕೆ ಇಳಿಸಿಕೊಳ್ಳಿ.

ಮೊಸರು ಹೊಸದಾಗಿರಲಿ, ಫ್ರಿಜ್ಜಿನಿಂದ ಒಂದು ಗಂಟೆ ಮೊದಲೇ ಹೊರಗೆ ತೆಗೆದಿಡಿ. ನೀರು ಬಿಟ್ಟಿದ್ದರೆ ಬಟ್ಟೆಯಲ್ಲಿ ಕಟ್ಟಿ ಕಾಲು ಗಂಟೆ ಇಳಿಬಿಡಿ. ಮೊಸರು ಮತ್ತು ಸಕ್ಕರೆಯನ್ನು ಸಕ್ಕರೆ ಕರಗುವ ತನಕ ಕಲಸಿ, ಎಣ್ಣೆ, ಎಸೆನ್ಸ್ ಸೇರಿಸಿ, ಎಣ್ಣೆ ಮೇಲೆ ತೇಲದೆ ಒಂದಾಗುವವರೆಗೆ ತಿರುವಿ. ಮೊಸರಿಗೇ ಸೋಡಾ ಹಾಕಿ ನೊರೆ ಬರಲು ಬಿಡುವ ರೂಢಿ ಬಹಳ ಮನೆಗಳಲ್ಲಿದೆ. ನೋಡಲು ಖುಷಿ, ಆದರೆ ಕೇಕನ್ನು ಎತ್ತಬೇಕಾದ ಗಾಳಿಯಲ್ಲಿ ಒಂದು ಪಾಲು ಬಟ್ಟಲಲ್ಲೇ ಹೋಗಿಬಿಡುತ್ತದೆ. ನಾನು ಸೋಡಾ, ಬೇಕಿಂಗ್ ಪೌಡರ್, ಉಪ್ಪನ್ನು ಮೈದಾದ ಜೊತೆಗೇ ಎರಡು ಸಲ ಜರಡಿ ಹಿಡಿಯುತ್ತೇನೆ. ಟಿನ್ನಿಗೆ ಎಣ್ಣೆ ಸವರಿ ಬಟರ್ ಪೇಪರ್ ಹಾಸಿ, ಕೇಕು ಬೇಯಿಸುವ ಪಾತ್ರೆ ಅಥವಾ ಓವನ್ ಕಾಯಲು ಇಟ್ಟ ಮೇಲಷ್ಟೇ ಈ ಮೈದಾವನ್ನು ಮೊಸರಿಗೆ ಸೇರಿಸುವುದು. ಮೂರು ಕಂತಿನಲ್ಲಿ ಹಾಕಿ, ಸೌಟಿನಿಂದ ಮಡಚಿದಂತೆ ಕಲಸಿ, ಒಣ ಹಿಟ್ಟು ಕಾಣದಾದ ಕೂಡಲೇ ನಿಲ್ಲಿಸಿ. ಚಿಕ್ಕ ಗಂಟುಗಳಿದ್ದರೆ ಇರಲಿ. ಜಾಸ್ತಿ ತಿರುವಿದರೆ ಮೈದಾ ಜಿಗುಟಾಗಿ, ಕೇಕಿನೊಳಗೆ ಉದ್ದುದ್ದ ತೂತು ಬಿದ್ದು, ಕಚ್ಚಿದರೆ ರಬ್ಬರು.

ಹದ ಇಡ್ಲಿ ಹಿಟ್ಟಿಗೆ ಹತ್ತಿರ ಇರಬೇಕು. ಇದನ್ನು ನೋಡಲು ಹಣ್ಣನ್ನೇ ಬಳಸಿ: ಒಂದು ಚೂರನ್ನು ಹಿಟ್ಟಿನ ಮೇಲೆ ಇಡಿ, ಒತ್ತಬೇಡಿ. ಅರ್ಧ ನಿಮಿಷದ ಮೇಲೂ ಅದರ ತಲೆ ಕಾಣುತ್ತಿದ್ದರೆ ಹದ ಸರಿ. ನೋಡುತ್ತಿದ್ದಂತೆ ಮುಳುಗಿದರೆ ಹಿಟ್ಟು ತೆಳು, ಒಂದು ದೊಡ್ಡ ಚಮಚ ಮೈದಾ ಜರಡಿ ಹಿಡಿದು ಸೇರಿಸಿ. ಸೌಟಿನಿಂದ ಬೀಳದಷ್ಟು ಗಟ್ಟಿಯಿದ್ದರೆ ಎರಡು ಚಮಚ ಹಾಲು. ಮೊಸರಿನ ಗುಣ ದಿನಕ್ಕೊಂದು ತರಹ ಇರುವುದರಿಂದ ಈ ಪರೀಕ್ಷೆಯನ್ನು ನಾನು ಬಿಡುವುದಿಲ್ಲ.

ಹದ ಸರಿಯಾದ ಮೇಲೆ ಹಿಟ್ಟಿನ ಕಾಲು ಭಾಗವನ್ನು ಹಣ್ಣಿಲ್ಲದೆ ಟಿನ್ನಿನ ತಳಕ್ಕೆ ಹರಡಿ. ಹಣ್ಣಿನಲ್ಲಿ ಒಂದು ಹಿಡಿ ತೆಗೆದಿಟ್ಟು, ಉಳಿದದ್ದಕ್ಕೆ ಎರಡು ಟೀ ಚಮಚ ಮೈದಾ ಸವರಿ, ಹೆಚ್ಚಿನ ಪುಡಿ ಕೊಡವಿ, ಮಿಕ್ಕ ಹಿಟ್ಟಿಗೆ ಬೆರೆಸಿ ಮೇಲೆ ಸುರಿಯಿರಿ. ಚೂರು ಸ್ವಲ್ಪ ಇಳಿದರೂ ತಳ ಮುಟ್ಟುವಷ್ಟರಲ್ಲಿ ಹಿಟ್ಟು ಬೆಂದು ಹಿಡಿದುಕೊಂಡಿರುತ್ತದೆ. ತೆಗೆದಿಟ್ಟ ಹಿಡಿಯನ್ನು ಕೊನೆಯಲ್ಲಿ ಮೇಲೆ ಉದುರಿಸಿ.

ಓಟಿಜಿ (ಮೇಲೆ, ಕೆಳಗೆ ಕಾಯುವ ಸರಳುಗಳಿರುವ ಕರೆಂಟಿನ ಓವನ್) ಇದ್ದರೆ 180 ಡಿಗ್ರಿಯಲ್ಲಿ ಹತ್ತು ನಿಮಿಷ ಕಾಯಿಸಿ, ನಡುವಿನ ತಟ್ಟಿನಲ್ಲಿ 170 ಡಿಗ್ರಿಗೆ 40 ನಿಮಿಷ. ಚಿಕ್ಕ ಓಟಿಜಿಗಳಲ್ಲಿ ಮೇಲಿನ ಸರಳು ಕೇಕಿಗೆ ತೀರಾ ಹತ್ತಿರ, ಮೇಲಿನ ಹಣ್ಣು ಸುಟ್ಟು ಕಲ್ಲಾಗುತ್ತದೆ. ಅಲ್ಲಿ ಕೆಳಗಿನ ಸರಳು ಮಾತ್ರ ಹಾಕಿ, ಕೊನೆಯ ಐದು ನಿಮಿಷಕ್ಕೆ ಮೇಲಿನದ್ದು.

ಒಲೆಯ ಮೇಲೆ ಮಾಡುವವರು ಕುಕ್ಕರೇ ಬೇಕೆಂದೇನಿಲ್ಲ. ದಪ್ಪ ತಳದ ಹಳೆಯ ಅಲ್ಯೂಮಿನಿಯಂ ಪಾತ್ರೆ ನನಗೆ ಹೆಚ್ಚು ಇಷ್ಟ. ನೀರಿಲ್ಲದೆ ಕಾಯಿಸಿ ಒಳ್ಳೆಯ ಕುಕ್ಕರನ್ನು ಯಾಕೆ ಹಾಳುಮಾಡಬೇಕು? ಕುಕ್ಕರೇ ಆದರೆ ಮುಚ್ಚಳದ ರಬ್ಬರು ಮತ್ತು ವೆಯಿಟ್ ಎರಡನ್ನೂ ತೆಗೆದಿಡಲೇಬೇಕು. ಒಳಗೆ ಪುಡಿ ಉಪ್ಪನ್ನು ಒಂದು ಕಪ್ಪಿನಷ್ಟು ಹರಡಿ, ಮೇಲೆ ಒಂದಿಂಚು ಎತ್ತರದ ಸ್ಟ್ಯಾಂಡ್ ಇಟ್ಟು, ಮುಚ್ಚಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಟಿನ್ನಿಟ್ಟ ಮೇಲೆ ಉರಿ ಸಣ್ಣದು, 45ರಿಂದ 50 ನಿಮಿಷ. ತಟ್ಟೆ ಮುಚ್ಚಿದರೆ ಹಬೆಯ ನೀರು ಕೇಕಿನ ಮೇಲೆ ತೊಟ್ಟಿಕ್ಕಿ ಗುಳಿ ಬೀಳುತ್ತದೆ. ಅದಕ್ಕೆ ಮುಚ್ಚಳಕ್ಕೆ ಒಳಗಿನಿಂದ ಬಟ್ಟೆ ಸುತ್ತಿ, ತುದಿಗಳು ಬೆಂಕಿಯ ಕಡೆ ಜೋತಾಡದಂತೆ ಮೇಲೆ ಗಂಟು ಹಾಕಿ. ಶಾಖ ಕೆಳಗಿನಿಂದ ಮಾತ್ರ ಬರುವುದರಿಂದ ಮೇಲ್ಭಾಗ ಬೆಳ್ಳಗೇ ಉಳಿಯುತ್ತದೆ. ಕೆಂಪಾಗಲಿ ಎಂದು ಇನ್ನೂ ಇಟ್ಟರೆ ತಳ ಸೀಯುತ್ತದೆ ಅಷ್ಟೇ. ಉಪ್ಪನ್ನು ಡಬ್ಬಿಗೆ ಹಾಕಿಡಿ, ಮುಂದಿನ ಕೇಕಿಗೆ ಬರುತ್ತದೆ.

ಮೊದಲ ಅರ್ಧ ಗಂಟೆ ಮುಚ್ಚಳ ತೆಗೆಯಬೇಡಿ, ಹಿಟ್ಟು ಗಟ್ಟಿಯಾಗುವ ಮೊದಲು ತಣ್ಣನೆ ಗಾಳಿ ತಾಗಿದರೆ ನಡು ಕುಸಿಯುತ್ತದೆ. ಬೆಂದಿದೆಯೇ ಎಂದು ನೋಡಲು ನಡುವೆ ಕಡ್ಡಿ ಚುಚ್ಚಿ. ಈ ಕೇಕಿನಲ್ಲಿ ಕಡ್ಡಿ ಮೋಸ ಮಾಡುತ್ತದೆ: ಹಣ್ಣಿಗೆ ತಾಗಿದರೆ ಬಣ್ಣದ ಅಂಟು ಹತ್ತಿ ಬರುತ್ತದೆ, ಅದು ಹಸಿ ಹಿಟ್ಟಲ್ಲ. ಎರಡು ಮೂರು ಕಡೆ ಚುಚ್ಚಿ ನೋಡಿ. ಅಂಚು ಟಿನ್ನು ಬಿಟ್ಟಿರಬೇಕು, ಬೆರಳಲ್ಲಿ ಒತ್ತಿದ ಜಾಗ ಮತ್ತೆ ಮೇಲೇಳಬೇಕು.

ಅರ್ಧ ಗಂಟೆ ಕಾದೂ ಕೇಕು ಏಳದಿದ್ದರೆ ಬೇಕಿಂಗ್ ಪೌಡರ್ ಹಳೆಯದು. ಅರ್ಧ ಲೋಟ ಬಿಸಿನೀರಿಗೆ ಒಂದು ಚಿಟಿಕೆ ಹಾಕಿದರೆ ಬುಸ್ಸೆಂದು ನೊರೆ ಬರಬೇಕು. ಸಾಬೂನಿನ ವಾಸನೆ, ಬಾಯಲ್ಲಿ ಒಗರು ಬಂದರೆ ಸೋಡಾ ಜಾಸ್ತಿ. ಬೇಕರಿಯ ಹಳದಿ ಬಣ್ಣಕ್ಕೆಂದು ಅರಿಶಿನ ಹಾಕುವವರಿಗೆ ಇದು ಕಣ್ಣಿಗೇ ಕಾಣುತ್ತದೆ, ಸೋಡಾ ಹೆಚ್ಚಾದಲ್ಲಿ ಅರಿಶಿನ ಕೆಂಪಾಗಿ ಕೇಕಿನೊಳಗೆ ಚುಕ್ಕೆ ಬೀಳುತ್ತದೆ. ಸೋಡಾ ಸರಿಯಾಗಿ ಬೆರೆಯದಿದ್ದರೂ ಇದೇ ಚುಕ್ಕೆ.

ಇಳಿಸಿದ ಹತ್ತು ನಿಮಿಷಕ್ಕೆ ಟಿನ್ನಿನಿಂದ ಮಗುಚಿ, ಪೇಪರ್ ಬಿಡಿಸಿ, ಜಾಲರಿಯ ಮೇಲೆ ಆರಲು ಇಡಿ. ಟಿನ್ನಿನಲ್ಲೇ ಬಿಟ್ಟರೆ ತಳ ಬೆವರುತ್ತದೆ. ಬಿಸಿಯಲ್ಲಿ ಕತ್ತರಿಸಿದರೆ ಚಾಕು ಹಣ್ಣನ್ನು ಎಳೆದುಕೊಂಡು ಹೋಗಿ ಹೋಳು ಪುಡಿಯಾಗುತ್ತದೆ. ಮೂರು ಗಂಟೆಯಾದರೂ ಕಾಯಿರಿ, ಮರುದಿನವಾದರೆ ಇನ್ನೂ ನೀಟು. ಬ್ರೆಡ್ ಕೊಯ್ಯುವ ಗರಗಸದ ಚಾಕು ಇದ್ದರೆ ಒಳ್ಳೆಯದು. ಬೆಂಗಳೂರಿನ ಹವೆಯಲ್ಲಿ ಡಬ್ಬಿಯಲ್ಲಿ ಎರಡು ದಿನ ಹೊರಗೇ ಇಡಬಹುದು. ಮಂಗಳೂರು, ಕಾರವಾರದ ಸೆಕೆಯಲ್ಲಿ ಒಂದು ದಿನದ ಮೇಲೆ ಫ್ರಿಜ್ಜಿಗೆ ಸೇರಿಸಿ, ತಿನ್ನುವ ಅರ್ಧ ಗಂಟೆ ಮೊದಲು ಹೊರಗೆ ತೆಗೆಯಿರಿ.