ಬ್ಯಾಂಟಮ್ ಕೊಚಿನ್ ಸಾಕಣೆ: ಕಾಲಿನ ಗರಿಯಿಂದ ಮರಿಯವರೆಗೆ

ಕಾಲಿಗೂ ಗರಿಯಿರುವ ಕುಳ್ಳ ಕೋಳಿ ತಳಿ ಬ್ಯಾಂಟಮ್ ಕೊಚಿನ್. ಅದನ್ನು ಕೊಳ್ಳುವಾಗ ನಾನು ಬಣ್ಣ ನೋಡುವುದು ಕೊನೆಗೆ. ಮೊದಲು ಕೋಳಿಯನ್ನು ಕೈಗೆತ್ತಿಕೊಂಡು, ಕಾಲಿನ ಗರಿ ಸರಿಸಿ ಬೆರಳು ಎಣಿಸುತ್ತೇನೆ. ನಾಲ್ಕೇ ಇರಬೇಕು. ಐದನೆಯದು ಸಿಕ್ಕಿದರೆ ಐದು ಬೆರಳಿನ ಸಿಲ್ಕಿ ಎಂಬ ತಳಿಯ ಬೆರಕೆ. ಎದೆಯ ಗರಿ ಊದಿ ನೋಡಿದಾಗ ಚರ್ಮ ಹಳದಿ ಇರಬೇಕು, ಅಂಗಾಲೂ ಹಳದಿ ಇರಬೇಕು. ಕಪ್ಪುನೀಲಿ ಛಾಯೆ ಇದ್ದರೆ ಅದೂ ಸಿಲ್ಕಿಯಿಂದ ಬಂದದ್ದೇ. ಜುಟ್ಟು ಒಂಟಿಯಾಗಿ, ನೆಟ್ಟಗೆ, ಹಲ್ಲುಹಲ್ಲಾಗಿರಬೇಕು. ಮೂರು ಸಾಲಾಗಿ ತಲೆಗೆ ಅಂಟಿಕೊಂಡ ಗಿಡ್ಡ ಜುಟ್ಟಿದ್ದರೆ ಬ್ರಹ್ಮ ತಳಿ ಸೇರಿದೆ ಎಂದರ್ಥ. ಪೇಟೆಯ ಪೆಟ್ ಅಂಗಡಿಗಳಲ್ಲಿ ಕಾಲಿಗೆ ಗರಿಯಿರುವ ಕುಳ್ಳ ಕೋಳಿ ಎಲ್ಲವೂ ‘ಕೊಚಿನ್’ ಹೆಸರಲ್ಲೇ ಬಿಕರಿಯಾಗುತ್ತದೆ. ಸಾಕುವುದಕ್ಕಷ್ಟೇ ಆದರೆ ಚಿಂತೆಯಿಲ್ಲ. ಮರಿ ಮಾಡಿಸುವ ಯೋಚನೆ ಇದ್ದರೆ ಈ ಬೆರಕೆ ಎರಡನೇ ತಲೆಮಾರಿನಲ್ಲಿ ಹೊರಬಂದು ಕೈಕೊಡುತ್ತದೆ.

ತೂಕವನ್ನೂ ಅಲ್ಲೇ ನೋಡಿ. ಅಮೆರಿಕದ ಮಾನದಂಡದಲ್ಲಿ ಬೆಳೆದ ಹುಂಜ ಸುಮಾರು 900 ಗ್ರಾಂ, ಹೇಂಟೆ 800 ಗ್ರಾಂ. ಬ್ರಿಟನ್ನಿನವರು ಇದನ್ನೇ ಪೀಕಿನ್ ಎಂದು ಕರೆದು ಇನ್ನೂ ಚಿಕ್ಕದಾಗಿ ಉಳಿಸಿಕೊಂಡಿದ್ದಾರೆ. ಅಲ್ಲಿ ಹುಂಜಕ್ಕೆ 680 ಗ್ರಾಂ, ಹೇಂಟೆಗೆ 570 ಗ್ರಾಂ ಮಿತಿ. ಒಂದೂವರೆ ಕೆಜಿ ತೂಗುವ ಹೇಂಟೆಯನ್ನು ಬ್ಯಾಂಟಮ್ ಎಂದು ಮಾರಿದರೆ ನಂಬಬೇಡಿ. ಹೆಸರು ಕೇಳಿ ಇದು ಕೇರಳದ ಕೊಚ್ಚಿಯ ಕೋಳಿ, ಸೆಕೆ ತಡೆಯುತ್ತದೆ ಎಂದುಕೊಳ್ಳುವವರೂ ಇದ್ದಾರೆ. ಇದರ ಮೂಲ ಚೀನಾ. ಮೈತುಂಬ ದಟ್ಟ ಪುಕ್ಕವಿರುವ ಈ ಕೋಳಿಗೆ ಕರಾವಳಿಯ ಬೆವರು ಸೆಕೆಯೂ ಕಷ್ಟ, ಕಲಬುರಗಿ ಬಳ್ಳಾರಿಯ ಬಿಸಿಲೂ ಕಷ್ಟ. ನಮ್ಮ ಹಾಸನದ ಕಡೆಯ ಹವೆ ಒಗ್ಗುತ್ತದೆ, ಆದರೆ ಇಲ್ಲಿ ಮಳೆಗಾಲ ಕಾಡುತ್ತದೆ.

ಒದ್ದೆ ನೆಲವೇ ಈ ತಳಿಯ ಮೊದಲ ಶತ್ರು. ಹಗಲಿಡೀ ಹೊರಗೆ ಬಿಟ್ಟು ಸಾಕುವ ನಾಟಿ ಕೋಳಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಇವನ್ನು ಅಂಗಳಕ್ಕೆ ಬಿಡುವುದೇ ಇಲ್ಲ. ಗೂಡಿನೊಳಗೆ ಒಂದು ಕೋಳಿಗೆ 2 ಚದರ ಅಡಿ, ಅದಕ್ಕೆ ಹೊಂದಿಕೊಂಡು ಮೇಲೆ ಶೀಟು ಹಾಕಿದ ಓಡಾಟದ ಜಾಗ 4 ಚದರ ಅಡಿ ಇದ್ದರೆ ಸಾಕು. ಇವು ಹಾರುವುದಿಲ್ಲ, ಕೆದಕುವುದೂ ಕಡಿಮೆ. ನೆಲಕ್ಕೆ ಬಡಗಿ ಅಂಗಡಿಯ ಮರದ ಸಿಪ್ಪೆ 3 ಇಂಚು ಹಾಕುತ್ತೇನೆ. ಭತ್ತದ ಹೊಟ್ಟೂ ಆಗುತ್ತದೆ, ಆದರೆ ಒದ್ದೆಯಾದರೆ ಹೆಪ್ಪುಗಟ್ಟುತ್ತದೆ. ತೆಂಗಿನ ನಾರಿನ ಪುಡಿ ಬೇಡವೇ ಬೇಡ. ಕಾಲಿನ ಗರಿಯ ಬುಡಕ್ಕೆ ಸೇರಿಕೊಂಡು ತೇವ ಹಿಡಿದಿಟ್ಟುಕೊಳ್ಳುತ್ತದೆ. ಎರಡು ದಿನಕ್ಕೊಮ್ಮೆ ಸಿಪ್ಪೆಯನ್ನು ಕೆದಕಿ ಮಗುಚಬೇಕು. ಮುಷ್ಟಿಯಲ್ಲಿ ಹಿಂಡಿದಾಗ ಉಂಡೆ ಕಟ್ಟಿದರೆ ತೆಗೆದು ಹೊಸದು ಹಾಕಬೇಕು. ಕುಕ್ಕರಗಾಲಲ್ಲಿ ಕೂತು ನೆಲದ ಹತ್ತಿರ ಮೂಗು ತಂದು ನೋಡಿ; ನಿಂತಾಗ ಬಾರದ ಅಮೋನಿಯಾ ಘಾಟು ಅಲ್ಲಿ ಬರುತ್ತಿದ್ದರೆ ಕೋಳಿಯ ಕಣ್ಣಿಗೆ ಅದು ದಿನವಿಡೀ ಹೊಡೆಯುತ್ತಿದೆ.

ಕೂರುವ ಅಡ್ಡೆ ಬೇಕೇ ಬೇಕೆಂದೇನಿಲ್ಲ. ಹಾಕುವುದಾದರೆ ನೆಲದಿಂದ ಒಂದಡಿ ಒಳಗೆ, 2 ಇಂಚು ಅಗಲದ ಚಪ್ಪಟೆ ರೀಪು. ಎತ್ತರದಿಂದ ಧುಮುಕಿದರೆ ಬೆರಳ ಗರಿ ಬುಡದಲ್ಲೇ ಮುರಿದು ರಕ್ತ ಬರುತ್ತದೆ, ರಕ್ತ ಕಂಡ ಮಿಕ್ಕ ಕೋಳಿಗಳು ಕುಕ್ಕಲು ಶುರುಮಾಡುತ್ತವೆ. ಜಾಲರಿ ಅರ್ಧ ಇಂಚಿನದೇ ಇರಲಿ. ಒಂದಿಂಚಿನ ಕೋಳಿ ಮೆಶ್‌ನಲ್ಲಿ ಇಲಿ, ಹಾವು ನುಸುಳುತ್ತವೆ, ಮುಂಗುಸಿ ಹಲ್ಲು ತೂರಿಸಿ ಕಾಲು ಎಳೆಯುತ್ತದೆ.

ಇಷ್ಟು ಮಾಡಿದರೂ ಹಿಕ್ಕೆ, ಮೇವಿನ ಪುಡಿ, ನೀರು ಸೇರಿ ಬೆರಳ ತುದಿಯಲ್ಲಿ ಉಂಡೆ ಕಟ್ಟುತ್ತದೆ. ಒಣಗಿದ ಮೇಲೆ ಅದು ಗಾರೆಯಷ್ಟು ಗಟ್ಟಿ. ಎಳೆದು ಕೀಳಬಾರದು, ಉಗುರೂ ಜೊತೆಗೇ ಕಿತ್ತು ಬರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಕಾಲು ನೆನೆಸಿ, ಹೆಬ್ಬೆರಳಿನಿಂದ ಉಂಡೆಯನ್ನು ಹೊರಗಿನಿಂದ ಒಳಕ್ಕೆ ಸ್ವಲ್ಪಸ್ವಲ್ಪವೇ ಪುಡಿ ಮಾಡಬೇಕು. ಉಳಿದದ್ದನ್ನು ಇಕ್ಕಳದಿಂದ ಮೆಲ್ಲಗೆ ಒತ್ತಿದರೆ ಬಿರಿಯುತ್ತದೆ. ಆಮೇಲೆ ಹಳೇ ಟವೆಲ್ಲಿನಲ್ಲಿ ಒರೆಸಿ, ಪೂರ್ತಿ ಒಣಗುವವರೆಗೆ ಗೋಣಿಯ ಮೇಲೆ ಬಿಡಬೇಕು. ಒದ್ದೆ ಕಾಲಲ್ಲೇ ಸಿಪ್ಪೆಗೆ ಬಿಟ್ಟರೆ ಸಂಜೆಗೆ ಮತ್ತದೇ ಉಂಡೆ. ಮೂರು ನಾಲ್ಕು ವಾರದ ಮರಿಗಳಲ್ಲಿ ಇದು ಇನ್ನೂ ಹೆಚ್ಚು. ಬೆಳೆಯುವ ಬೆರಳನ್ನೇ ಉಂಡೆ ಸೊಟ್ಟ ಮಾಡುತ್ತದೆ.

ಗರಿಯ ಮರೆಯಲ್ಲಿ ಕಾಣದೇ ಹೋಗುವ ಇನ್ನೊಂದು ಕಾಟ ಕಾಲಿನ ನುಸಿ. ಕಾಲಿನ ಚಿಪ್ಪು ಎದ್ದು, ಕೆಳಗೆ ಬೂದಿಯಂಥ ಪುಡಿ ಕೂರುತ್ತದೆ. ಬರಿಗಾಲಿನ ಕೋಳಿಗೆ ವ್ಯಾಸಲಿನ್ ಹಚ್ಚಿ ಉಸಿರು ಕಟ್ಟಿಸಬಹುದು. ಕೊಚಿನ್‌ಗೆ ಹಚ್ಚಿದರೆ ಗರಿ, ಸಿಪ್ಪೆ ಎಲ್ಲ ಅಂಟಿಕೊಂಡು ಗಲೀಜು. ಸೀಮೆಎಣ್ಣೆ ಹಚ್ಚುವವರಿದ್ದಾರೆ, ಚರ್ಮ ಸುಡುತ್ತದೆ, ಗರಿ ಉದುರುತ್ತದೆ. ಪಶುವೈದ್ಯರ ಕೈಲಿ ಐವರ್ಮೆಕ್ಟಿನ್ ಹಾಕಿಸುವುದು ಸರಿಯಾದ ದಾರಿ. ಕೆಜಿಗೆ 0.2 ಮಿಲಿಗ್ರಾಂ ಲೆಕ್ಕದಲ್ಲಿ 800 ಗ್ರಾಂ ಕೋಳಿಗೆ ಬೇಕಾದದ್ದು 0.16 ಮಿಲಿಗ್ರಾಂ. ಅಂಗಡಿಯಲ್ಲಿ ಸಿಗುವ 1% ದ್ರಾವಣದಲ್ಲಿ ಅದು ಒಂದು ಮಿಲಿಯ ಅರವತ್ತನೇ ಒಂದು ಭಾಗ. ಸಾದಾ ಸಿರಿಂಜಿನಲ್ಲಿ ಅಳೆಯಲಾಗದ ಪ್ರಮಾಣ. ದನಕ್ಕೆ ತಂದಿಟ್ಟ ಬಾಟಲಿಯಿಂದ ಅಂದಾಜಿಗೆ ಹನಿ ಹಾಕಿ ಕೋಳಿ ಕೊಲ್ಲುವುದು ಹೀಗೇ. ಎರಡು ವಾರ ಬಿಟ್ಟು ಇನ್ನೊಮ್ಮೆ ಕೊಡಬೇಕು, ಮದ್ದಿನ ಅವಧಿಯ ಮೊಟ್ಟೆ ತಿನ್ನಬಾರದು.

‘ಮೊಟ್ಟೆ ಇಡುತ್ತೆ, ಮರಿ ಆಗಲ್ಲ’ ಎಂಬ ದೂರು ಈ ತಳಿ ಸಾಕುವ ಹತ್ತರಲ್ಲಿ ಎಂಟು ಮಂದಿಯದು. ಹುಂಜ ಸರಿಯಿಲ್ಲ ಎಂದು ಬದಲಿಸುತ್ತಾರೆ, ವಿಟಮಿನ್ ಸುರಿಯುತ್ತಾರೆ. ಅಡ್ಡ ಬರುತ್ತಿರುವುದು ಪುಕ್ಕ. ಹೇಂಟೆಯ ಹಿಂಭಾಗ ಮೆತ್ತೆಯಂತೆ ಉಬ್ಬಿರುತ್ತದೆ, ಹುಂಜದ್ದೂ ಹಾಗೇ. ಕೂಡುವಾಗ ಬಾಲದ ಕೆಳಗಿನ ದ್ವಾರಕ್ಕೆ ದ್ವಾರ ತಾಗುವುದೇ ಇಲ್ಲ. ಮೊಟ್ಟೆ ಕೂಡಿಡಲು ಶುರುಮಾಡುವ ವಾರದ ಮುಂಚೆ ನಾನು ಎರಡಕ್ಕೂ ಕತ್ತರಿ ಹಾಕುತ್ತೇನೆ. ಕೋಳಿಯ ತಲೆ ಕಂಕುಳ ಕಡೆಗೆ, ಬಾಲ ಮುಂದಕ್ಕೆ ಬರುವಂತೆ ಎಡಗೈಲಿ ಅವುಚಿ ಹಿಡಿಯಬೇಕು. ತುದಿ ಮೊಂಡಾದ ಕತ್ತರಿಯಿಂದ ದ್ವಾರದ ಸುತ್ತ ಒಂದೂವರೆ ಇಂಚು ಬೋಳು ಮಾಡಬೇಕು. ಹೇಂಟೆಗೆ ಬಾಲದ ಬುಡದ ಕೆಳಗಿನ ಉಬ್ಬನ್ನೂ, ಹುಂಜಕ್ಕೆ ದ್ವಾರದ ಕೆಳಭಾಗವನ್ನೂ ಸೇರಿಸಿ. ನೀಲಿ ಕಡ್ಡಿಯಂತೆ ಕಾಣುವ ಎಳೆಗರಿಗೆ ಕತ್ತರಿ ತಾಗಿಸಬೇಡಿ, ಒಳಗೆ ರಕ್ತ ಹರಿಯುತ್ತಿರುತ್ತದೆ. ಕತ್ತರಿಸಿದ ಗರಿ ಮುಂದಿನ ಪುಕ್ಕ ಉದುರುವ ಕಾಲದವರೆಗೂ ಹಾಗೇ ಇರುತ್ತದೆ. ಪ್ರದರ್ಶನಕ್ಕೆ ಒಯ್ಯುವ ಕೋಳಿಯನ್ನು ಅದೇ ವರ್ಷ ಮರಿಗೆ ಬಳಸಲು ಹೊರಟರೆ ಈ ಲೆಕ್ಕ ಇಟ್ಟುಕೊಳ್ಳಿ. ಹುಂಜದ ಉಗುರನ್ನೂ ಅದೇ ದಿನ ಉಜ್ಜಿ ಮೊಂಡು ಮಾಡಿದರೆ ಹೇಂಟೆಯ ಬೆನ್ನು ಉಳಿಯುತ್ತದೆ.

ಒಂದು ಹುಂಜಕ್ಕೆ ನಾಲ್ಕೈದು ಹೇಂಟೆ ಸಾಕು. ಹುಂಜ ಬದಲಿಸಿದರೆ ಮೂರು ವಾರದ ಮೊಟ್ಟೆಯನ್ನು ತಿನ್ನಲು ಬಿಡಿ. ಹಳೆಯ ಹುಂಜದ ವೀರ್ಯ ಹೇಂಟೆಯೊಳಗೆ ಅಷ್ಟು ದಿನ ಉಳಿದಿರಬಹುದು.

ಬಣ್ಣದ ಜೋಡಿ ಕೂಡಿಸುವಾಗ ಅಂದಾಜು ಬೇಡ, ಲೆಕ್ಕ ಇದೆ. ನೀಲಿಗೆ ನೀಲಿ ಹಾಕಿದರೆ ಸರಾಸರಿ ಅರ್ಧ ನೀಲಿ, ಕಾಲು ಭಾಗ ಕಪ್ಪು, ಕಾಲು ಭಾಗ ಸ್ಪ್ಲ್ಯಾಶ್, ಅಂದರೆ ಬಿಳಿಯ ಮೇಲೆ ನೀಲಿ ಕಲೆ ಚೆಲ್ಲಿದಂಥದ್ದು. ಎಲ್ಲವೂ ನೀಲಿಯೇ ಬೇಕಾದರೆ ಕಪ್ಪಿಗೆ ಸ್ಪ್ಲ್ಯಾಶ್ ಹಾಕಬೇಕು. ಮಾರುಕಟ್ಟೆಯಲ್ಲಿ ಸ್ಪ್ಲ್ಯಾಶ್ ಅನ್ನು ‘ಕಲೆ ಬಿದ್ದ ಬಿಳಿ’ ಎಂದು ಅಗ್ಗಕ್ಕೆ ಕೊಡುವುದುಂಟು, ಸಿಕ್ಕರೆ ಬಿಡಬೇಡಿ. ಗರಿ ಸುರುಳಿಯಾದ ಫ್ರಿಜ಼ಲ್‌ಗೆ ಮಾತ್ರ ಯಾವತ್ತೂ ಸಾದಾ ಗರಿಯ ಜೋಡಿಯೇ ಇರಲಿ. ಅರ್ಧದಷ್ಟು ಮರಿ ಫ್ರಿಜ಼ಲ್ ಬರುತ್ತವೆ. ಫ್ರಿಜ಼ಲ್‌ಗೆ ಫ್ರಿಜ಼ಲ್ ಹಾಕಿದರೆ ಕಾಲುಭಾಗ ಮರಿಗಳ ಗರಿ ಪುಡಿಪುಡಿಯಾಗಿ ಉದುರಿ, ಮೈ ಬೋಳಾಗಿ, ಎಷ್ಟೋ ಮರಿ ಚಳಿಗೇ ಸಾಯುತ್ತವೆ. ದುಡ್ಡಿನಾಸೆಗೆ ಇದನ್ನು ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಲ್ಯಾವೆಂಡರ್ ಎಂಬ ತಿಳಿ ಬೂದು ಬಣ್ಣವನ್ನು ತಲೆಮಾರುಗಟ್ಟಲೆ ಅದರಲ್ಲೇ ಕೂಡಿಸುತ್ತ ಹೋದರೆ ಬಾಲದ ಗರಿ ಹರಿದಂತಾಗುತ್ತದೆ. ನಡುನಡುವೆ ಒಳ್ಳೆಯ ಕಪ್ಪು ಕೋಳಿ ಸೇರಿಸಬೇಕು.

ಮೊಟ್ಟೆ 30ರಿಂದ 35 ಗ್ರಾಂ, ತಿಳಿಗೆನೆ ಬಣ್ಣ. ಏಳು ದಿನಕ್ಕಿಂತ ಹಳೆಯದನ್ನು ಕಾವಿಗೆ ಇಡುವುದಿಲ್ಲ. ಏಪ್ರಿಲ್‌ನಲ್ಲಿ ಕೋಣೆಯ ಶೆಲ್ಫಿನ ಮೇಲಿಟ್ಟ ಮೊಟ್ಟೆಯೊಳಗೆ ಸೆಕೆಗೇ ಭ್ರೂಣ ಅರೆಬರೆ ಬೆಳೆಯಲು ಶುರುವಾಗಿ ಸಾಯುತ್ತದೆ. ದೀಪಕ್ಕೆ ಹಿಡಿದಾಗ ಕಾಣುವ ರಕ್ತದ ಉಂಗುರಕ್ಕೆ ಹುಂಜವನ್ನು ದೂರಬಾರದು. ಒದ್ದೆ ಮರಳಿನಲ್ಲಿ ಕೂರಿಸಿದ ಮಣ್ಣಿನ ಮಡಕೆಯೊಳಗೆ, ಚೂಪು ತುದಿ ಕೆಳಗಾಗಿ ಇಟ್ಟರೆ ತಂಪಾಗಿರುತ್ತದೆ. ಫ್ರಿಜ್ಜಿನಲ್ಲಿ ಬೇಡ.

ಫ್ಯಾನ್ ಇರುವ ಇನ್‌ಕ್ಯುಬೇಟರ್‌ನಲ್ಲಿ ಉಷ್ಣಾಂಶ 37.5 ಡಿಗ್ರಿ. ತೇವಾಂಶ ಮೊದಲ 18 ದಿನ ಶೇ. 45ರಿಂದ 50, ಕೊನೆಗೆ ಶೇ. 65ರಿಂದ 70. ಪುಸ್ತಕದಲ್ಲಿ ನೀರು ತುಂಬಿ ಎಂದಿರುತ್ತದೆ. ನಮ್ಮ ಜುಲೈನಲ್ಲಿ ಹೊರಗಿನ ಗಾಳಿಯೇ ಶೇ. 80 ದಾಟಿರುವಾಗ ನೀರು ಹಾಕಿದರೆ ಮೊಟ್ಟೆಯ ಗಾಳಿಚೀಲ ದೊಡ್ಡದಾಗುವುದಿಲ್ಲ, ತುಂಬಿದ ಮರಿ ಚಿಪ್ಪೊಳಗೇ ಉಸಿರುಗಟ್ಟುತ್ತದೆ. ನಂಬಬೇಕಾದ್ದು ತಕ್ಕಡಿಯನ್ನು. 18ನೇ ದಿನಕ್ಕೆ ಮೊಟ್ಟೆ ಶೇ. 12ರ ಆಸುಪಾಸು ಹಗುರಾಗಿರಬೇಕು: 32 ಗ್ರಾಂ ಇದ್ದದ್ದು 28ಕ್ಕೆ ಇಳಿದಿರಬೇಕು. ನಡುವೆ ತೂಗಿ ನೋಡಿ, ಇಳಿಕೆ ಸಾಲದಿದ್ದರೆ ನೀರು ಪೂರ್ತಿ ತೆಗೆಯಿರಿ. ಬ್ಯಾಂಟಮ್ ಮರಿ 20ನೇ ದಿನಕ್ಕೇ ಒಡೆಯುವುದು ಹೆಚ್ಚು, ಹಾಗಾಗಿ 17ನೇ ದಿನವೇ ಮೊಟ್ಟೆ ತಿರುಗಿಸುವುದು ನಿಲ್ಲಿಸುತ್ತೇನೆ.

ಹೇಂಟೆಯ ಕೆಳಗೇ ಇಡುವುದಾದರೆ ಇದಕ್ಕಿಂತ ಒಳ್ಳೆಯ ಕಾವಿನ ಕೋಳಿ ಇಲ್ಲ. ಹನ್ನೆರಡು ಹದಿನೈದು ಮೊಟ್ಟೆ ಇಟ್ಟು ಕೂತುಬಿಡುತ್ತದೆ. ಕಾವಿಗೆ ಅದರ ಕೆಳಗೆ ಬಿಡಬೇಕಾದದ್ದು ಅದರ ಮೊಟ್ಟೆಯೇ ಆದರೆ 8, ನಾಟಿ ಮೊಟ್ಟೆಯಾದರೆ 5. ಕೂರಿಸುವ ಮುಂಚೆ ಹೇನಿನ ಪುಡಿ ಹಾಕಿ, ಬೆರಳ ಮೇಲಿನ ಉದ್ದ ಗರಿಯನ್ನು ಅರ್ಧ ಇಂಚಿಗೆ ಕತ್ತರಿಸಿ. ಇಲ್ಲದಿದ್ದರೆ ಅದು ಎದ್ದು ಹೊರಬರುವಾಗ ಗರಿಗೆ ಸಿಕ್ಕಿಕೊಂಡ ಮೊಟ್ಟೆ ಜೊತೆಗೇ ಬಂದು ಬೀಳುತ್ತದೆ, ಮರಿಯಾದ ಮೇಲೆ ಮರಿಯೂ ಸಿಕ್ಕಿಕೊಳ್ಳುತ್ತದೆ. ಗೂಡಿನ ಬುಟ್ಟಿ ನೆಲದ ಮೇಲೇ ಇರಲಿ. ದಿನಕ್ಕೊಮ್ಮೆ ತಾನಾಗಿ ಏಳದ ಹೇಂಟೆಯನ್ನು ಎತ್ತಿ ಹೊರಗೆ ಬಿಡಿ, ಗಬ್ಬು ಹಿಕ್ಕೆ ಹಾಕಿ, ನೀರು ಕುಡಿದು ತಾನೇ ಮರಳುತ್ತದೆ. ಮರಿ ಬೇಡವಾದ ಕಾಲದಲ್ಲಿ ಕಾವು ಬಿಡಿಸಲು ತಂತಿ ತಳದ ಪಂಜರದಲ್ಲಿ, ಕೆಳಗೆ ಗಾಳಿಯಾಡುವಂತೆ, ಮೂರು ನಾಲ್ಕು ದಿನ ಇಟ್ಟರೆ ಸಾಕು. ನೀರಲ್ಲಿ ಮುಳುಗಿಸುವುದು ಈ ಪುಕ್ಕಕ್ಕೆ ಒಳ್ಳೆಯದಲ್ಲ, ದಿನವಾದರೂ ಆರುವುದಿಲ್ಲ.

ಮರಿಗಳಿಗೆ ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ 3 ಡಿಗ್ರಿ ಇಳಿಸುತ್ತ ಹೋಗಿ. ಥರ್ಮಾಮೀಟರಿಗಿಂತ ಮರಿಗಳೇ ಸರಿಯಾಗಿ ಹೇಳುತ್ತವೆ: ಬಲ್ಬಿನ ಕೆಳಗೆ ಒತ್ತೊತ್ತಾಗಿ ಚೀರಿದರೆ ಚಳಿ, ಮೂಲೆ ಸೇರಿ ಬಾಯಿ ತೆರೆದರೆ ಸೆಕೆ. ನೆಲಕ್ಕೆ ಬರೀ ನ್ಯೂಸ್ ಪೇಪರ್ ಹಾಕಿದರೆ ಜಾರಿ ಕಾಲು ಎರಡೂ ಬದಿಗೆ ಸರಿದುಬಿಡುತ್ತವೆ. ಮೊದಲ ಮೂರು ದಿನ ಗೋಣಿ ಹಾಸಿ. ನೀರಿನ ತಟ್ಟೆಗೆ ಬೆಣಚುಕಲ್ಲು ತುಂಬಿ, ಇಟ್ಟಿಗೆಯ ಮೇಲಿಡಿ. ಎರಡನೇ ವಾರದಿಂದ ಕುಕ್ಕಿದಾಗ ಹನಿ ನೀರು ಬಿಡುವ ನಿಪ್ಪಲ್ ಅಭ್ಯಾಸ ಮಾಡಿಸಿದರೆ ಕಾಲು ಒದ್ದೆಯಾಗುವ ತಾಪತ್ರಯ ಬಹುಪಾಲು ಮುಗಿಯಿತು.

ಮೂರರಿಂದ ಆರು ವಾರದ ನಡುವೆ ಹಿಕ್ಕೆಯಲ್ಲಿ ರಕ್ತ ಕಂಡರೆ ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ. ಅದರ ಮದ್ದಾದ 20% ಆಂಪ್ರೋಲಿಯಂ ಪುಡಿಯನ್ನು ಲೀಟರ್ ನೀರಿಗೆ 1.2 ಗ್ರಾಂನಂತೆ ಐದು ದಿನ, ಬೇರೆ ನೀರು ಇಡದೆ ಕೊಡಬೇಕು. ಸುಸ್ತಾಗಿವೆ ಎಂದು ಅದೇ ಹೊತ್ತಿಗೆ ಬಿ ಕಾಂಪ್ಲೆಕ್ಸ್ ಬೆರೆಸುವವರೇ ಜಾಸ್ತಿ. ಆಂಪ್ರೋಲಿಯಂ ಕೆಲಸ ಮಾಡುವುದೇ ರೋಗಾಣುವಿಗೆ ಬಿ1 ಸಿಗದಂತೆ ತಡೆದು. ನೀವೇ ಬಿ1 ಕೊಟ್ಟರೆ ಮದ್ದು ಕೆಟ್ಟಂತೆ. ವಿಟಮಿನ್ ಏನಿದ್ದರೂ ಮದ್ದು ಮುಗಿದ ಮೇಲೆ.

ಕೊಕ್ಕರೆ ರೋಗಕ್ಕೆ (ರಾಣಿಖೇತ್) 5ರಿಂದ 7ನೇ ದಿನ ಲಸೋಟಾ ಅಥವಾ ಎಫ್1 ಲಸಿಕೆ ಕಣ್ಣಿಗೆ ಒಂದು ಹನಿ, ನಾಲ್ಕನೇ ವಾರ ಲಸೋಟಾ ಇನ್ನೊಮ್ಮೆ, 8ರಿಂದ 10ನೇ ವಾರ ಅದೇ ರೋಗದ ಆರ್2ಬಿ ಲಸಿಕೆಯ ಸೂಜಿ. ಗಂಬೊರೋ ಎಂಬ ಇನ್ನೊಂದು ರೋಗದ ಲಸಿಕೆ ಎರಡನೇ ವಾರ, ಸಿಡುಬಿಗೆ ಆರು ವಾರದ ಮೇಲೆ ರೆಕ್ಕೆಗೆ ಚುಚ್ಚಿಸುವುದು. ಬಾಟಲಿಯಲ್ಲಿ ನೂರಾರು ಕೋಳಿಗಾಗುವಷ್ಟು ಲಸಿಕೆ ಇರುತ್ತದೆ. ಕಲಸಿದ ಮೇಲೆ ಐಸ್ ಮೇಲಿಟ್ಟು ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಉಳಿಸಿಟ್ಟು ಮರುವಾರ ಹಾಕಿದ್ದು ಬರೀ ನೀರು. ಅಕ್ಕಪಕ್ಕದ ನಾಲ್ಕು ಮನೆಯವರು ಒಂದೇ ದಿನ ಹಾಕಿಸುವುದು ಉತ್ತಮ.

ಮೇವು ಬೆಳೆದ ಕೋಳಿಗೆ ದಿನಕ್ಕೆ 50 ಗ್ರಾಂ. ಎಂಟು ವಾರದವರೆಗೆ 20% ಪ್ರೋಟೀನಿನ ಮರಿ ಮೇವು ಸ್ಟಾರ್ಟರ್, ಆಮೇಲೆ ಬೆಳೆಯುವ ಕೋಳಿಯ ಮೇವು ಗ್ರೋವರ್. ಹುಂಜವೂ ಜೊತೆಗಿದ್ದರೆ ಮೊಟ್ಟೆ ಕೋಳಿಯ ಲೇಯರ್ ಫೀಡ್ ಬದಲು ಗ್ರೋವರ್ ಕೊಟ್ಟು, ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಡಿ. ಬೇಕಾದ ಹೇಂಟೆ ತಿನ್ನುತ್ತದೆ, ಹುಂಜಕ್ಕೆ ಅಷ್ಟು ಸುಣ್ಣ ಬೇಕಿಲ್ಲ. ಜೋಳ ಹೆಚ್ಚಾದರೆ ಕೊಬ್ಬು ಕಟ್ಟಿ ಮೊಟ್ಟೆ ನಿಲ್ಲುತ್ತದೆ; ಗುಂಡಗಿರುವ ಕೋಳಿ ಕೊಬ್ಬಿದ್ದು ಕಣ್ಣಿಗೆ ಕಾಣದು, ಎದೆಯ ಮೂಳೆ ಮುಟ್ಟಿ ನೋಡಬೇಕು. ಬಿಳಿ ಕೋಳಿಯಾದರೆ ಮುಸುಕಿನ ಜೋಳವೂ ಬಿಸಿಲೂ ಸೇರಿ ಗರಿ ಹಳದಿಗೆ ತಿರುಗಿಸುತ್ತವೆ. ಮಳೆಗಾಲದಲ್ಲಿ ಬೂಷ್ಟು ವಾಸನೆಯ ಕಡಲೆಕಾಯಿ ಹಿಂಡಿ, ಜೋಳ ಹಾಕಲೇಬೇಡಿ.

ಮರಿ ಆರಿಸುವುದು ಎರಡು ಹಂತದಲ್ಲಿ. ಒಡೆದ ದಿನವೇ ನಡುಬೆರಳ ಮೇಲೆ ತುಪ್ಪಳ ಇದೆಯೇ ನೋಡಿ ಗುರುತು ಮಾಡುತ್ತೇನೆ. ಅಲ್ಲಿ ಬೋಳಿದ್ದರೆ ದೊಡ್ಡದಾದ ಮೇಲೂ ಕಾಲ್ಗರಿ ಅರ್ಧಂಬರ್ಧ. ಮೈಯ ಆಕಾರಕ್ಕೆ ಎಂಟು ತಿಂಗಳಾದರೂ ಕಾಯಬೇಕು, ಅದಕ್ಕೂ ಮೊದಲು ಎಲ್ಲವೂ ಉದ್ದುದ್ದ, ಬಡಕಲು. ಹಿಂಗಾಲ ಮಂಡಿಯಿಂದ ಗಟ್ಟಿ ಗರಿ ಕಡ್ಡಿಯಂತೆ ಹಿಂದಕ್ಕೆ ಚಾಚಿದ್ದು, ಸೊಟ್ಟ ಬಾಲ, ಸೊಟ್ಟ ಬೆರಳು, ಸೀಳಿದ ರೆಕ್ಕೆ ಇದ್ದದ್ದನ್ನು ಮರಿಗೆ ಬಳಸುವುದಿಲ್ಲ, ಬಣ್ಣ ಎಷ್ಟೇ ಚೆನ್ನಾಗಿರಲಿ. ಮೂರು ಗುಂಪು ಬೇರೆಬೇರೆ ಇಟ್ಟು, ಹೇಂಟೆಮರಿಗಳನ್ನು ಹುಟ್ಟಿದ ಗುಂಪಿನಲ್ಲೇ ಉಳಿಸಿ, ಪ್ರತಿ ವರ್ಷ ಒಂದನೇ ಗುಂಪಿನ ಹುಂಜಮರಿ ಎರಡಕ್ಕೆ, ಎರಡರದ್ದು ಮೂರಕ್ಕೆ, ಮೂರರದ್ದು ಒಂದಕ್ಕೆ ಹೋಗುವಂತೆ ಮಾಡಿದರೆ ಹೊರಗಿನಿಂದ ಕೋಳಿ ತರದೆಯೇ ಬಹಳ ವರ್ಷ ನಡೆಸಬಹುದು. ಗುಂಪಿನ ಗುರುತಿಗೆ ಬಣ್ಣದ ಕಾಲುಂಗುರ ಹಾಕಿದರೆ ಗರಿಯೊಳಗೆ ಮರೆಯಾಗಿ ಬೆಳೆಯುವ ಕಾಲಿಗೆ ಕೊರೆಯುತ್ತದೆ, ತಿಂಗಳಿಗೊಮ್ಮೆ ಬೆರಳಾಡಿಸಿ ಸಡಿಲವಿದೆಯೇ ನೋಡಬೇಕು. ರೆಕ್ಕೆಗೆ ಹಾಕುವ ಬಿಲ್ಲೆ ಸಿಕ್ಕರೆ ಅದೇ ವಾಸಿ.