ಅಣಬೆ ಸ್ಟೂಲ್ ಮಾಡುವ ಮೊದಲು ಬುಡ ನೋಡಿ

ಅಣಬೆ ಆಕಾರದ ಕಾಲ್ಮಣೆ ಮನೆಯಲ್ಲೇ ಮಾಡುವವರಿಗೆ ಒಂದು ಮಾತು. ಚೆಂದ ಕಾಣಲಿ ಅಂತ ಕಾಂಡವನ್ನು ಜಾಸ್ತಿ ಸಣ್ಣ ಮಾಡಬೇಡಿ. ನನ್ನ ಮೊದಲನೇದು ಹಾಗೇ ಇತ್ತು, ಅಂಚಿನ ಮೇಲೆ ಹಿಮ್ಮಡಿ ಇಟ್ಟ ಕೂಡಲೇ ಪಲ್ಟಿ ಹೊಡೆಯಿತು! ಟೊಪ್ಪಿ 40 ಸೆಂ.ಮೀ. ಅಗಲ ಇದ್ದರೆ ಬುಡ 30 ಆದರೂ ಇರಲಿ. ಎತ್ತರ ಸೋಫಾ ಸೀಟಿಗಿಂತ ಸ್ವಲ್ಪ ಕಡಿಮೆ ಇದ್ದರೆ ಕಾಲಿಗೆ ಹಿತ.

ಇನ್ನು ಟೊಪ್ಪಿಯ ಉಬ್ಬು. ಒಂದೇ ಫೋಮ್ ಹಾಕಿದರೆ ಡಬ್ಬಿ ಮುಚ್ಚಳದ ಹಾಗೆ ಚಪ್ಪಟೆ ಕಾಣುತ್ತದೆ ಅಲ್ವಾ, ಅದಕ್ಕೆ ಟೊಪ್ಪಿಯ ಪ್ಲೈವುಡ್ ಹಲಗೆಯ ಮೇಲೆ, ಮಧ್ಯದಲ್ಲಿ, ಮೊದಲು 25 ಸೆಂ.ಮೀ. ಅಗಲದ ತೆಳು ಫೋಮ್ ಚಕ್ರ ಅಂಟಿಸಿ, ಮೇಲೆ ಪೂರ್ತಿ ಅಗಲದ ದಪ್ಪ ಫೋಮ್ ಇಟ್ಟು, ಅಂಚನ್ನು ಕೆಳಗೆ ಎಳೆದು ಬಟ್ಟೆ ಬಿಗಿಯಿರಿ. ಬಟ್ಟೆ ಸುತ್ತಲೂ 12–14 ಸೆಂ.ಮೀ. ಜಾಸ್ತಿ ಬಿಟ್ಟು ಕತ್ತರಿಸಿ. ಸ್ಟೇಪಲ್ ಸುಮ್ನೆ ವರಸೆಯಾಗಿ ಹೊಡೆಯುತ್ತಾ ಹೋದರೆ ಸುಕ್ಕೆಲ್ಲ ಒಂದೇ ಕಡೆ ಸೇರುತ್ತದೆ (ಬಿಚ್ಚಿ ಮತ್ತೆ ಹೊಡೆದಿದ್ದೇನೆ, ಕೇಳಬೇಡಿ). ಒಂದು ಇಲ್ಲಿ, ಇನ್ನೊಂದು ಎದುರುಗಡೆ, ಹೀಗೆ.

ಕಾಂಡಕ್ಕೆ ಹಸಿ ಮರದ ದಿಮ್ಮಿ ಬೇಡ. ಒಣಗುತ್ತಾ ಸೀಳುತ್ತದೆ. ಮತ್ತೆ, ಇದರ ಮೇಲೆ ಹತ್ತಿ ಬಲ್ಬ್ ಬದಲಿಸಲು ಹೋಗಬೇಡಿ.