ಯಾವ ವಿಷಯಕ್ಕೆ ಜಾಸ್ತಿ ಓದಬೇಕು? ಲೆಕ್ಕ ಹಾಕಿ ತೀರ್ಮಾನಿಸಿದ್ದು ಹೀಗೆ

ಎಷ್ಟು ಓದಿದರೂ ಸೆಮಿಸ್ಟರ್ ಸರಾಸರಿ ಮೇಲೇಳುತ್ತಿರಲಿಲ್ಲ. ಎಲ್ಲ ವಿಷಯಕ್ಕೂ ಸಮನಾಗಿ ಹೊತ್ತು ಹಂಚಿದೆ, ಆಗಲಿಲ್ಲ. ಅಂಕ ಕಡಿಮೆ ಇದ್ದ ವಿಷಯವನ್ನೇ ಹಿಡಿದು ಕೂತೆ, ಅದೂ ಅಷ್ಟೇ.

ಕೆಲಸಕ್ಕೆ ಬಂದದ್ದು ಒಂದು ಸ್ಪ್ರೆಡ್‌ಶೀಟ್. ವಿಷಯಕ್ಕೊಂದು ಸಾಲು, ನಾಲ್ಕು ಕಾಲಂ: ಗುರಿ, ಈಗಾಗಲೇ ಗಳಿಸಿದ್ದು, ಕೊನೆಯ ಪರೀಕ್ಷೆಯ ಪಾಲು (ಒಟ್ಟು 100ರಲ್ಲಿ ಅದಕ್ಕೆಷ್ಟು), ಕ್ರೆಡಿಟ್ (ಸೆಮಿಸ್ಟರ್ ಸರಾಸರಿಯಲ್ಲಿ ಆ ವಿಷಯದ ತೂಕ). ಗಳಿಸಿದ್ದನ್ನು ಪಾಲಿನ ಲೆಕ್ಕದಲ್ಲೇ ಬರೆಯಬೇಕು. ಇಂಟರ್ನಲ್ಸ್ (ಕೊನೆಯ ಪರೀಕ್ಷೆಗೆ ಮೊದಲು ಕಾಲೇಜಲ್ಲೇ ಕೊಡುವ ಅಂಕ) ಪಾಲು 60, ಕೊನೆಯ ಪರೀಕ್ಷೆಯದು 40 ಅಂತಿಟ್ಟುಕೊಳ್ಳಿ; ಇಂಟರ್ನಲ್ಸ್‌ನಲ್ಲಿ ಸರಾಸರಿ ಶೇ. 80 ಇದ್ದರೆ ಅಲ್ಲಿ ಬರೆಯುವುದು 48.

ಗುರಿಯಿಂದ ಗಳಿಸಿದ್ದನ್ನು ಕಳೆದು, ಕೊನೆಯ ಪರೀಕ್ಷೆಯ ಪಾಲಿನಿಂದ ಭಾಗಿಸಿ, 100ರಿಂದ ಗುಣಿಸಿ. ಗುರಿ 75 ಆದರೆ 27 ÷ 40, ಅಂದರೆ ಪರೀಕ್ಷೆಯಲ್ಲಿ ಶೇ. 67.5 ಬೇಕು.

ಉತ್ತರ 100 ದಾಟಿದರೆ ಆ ಗ್ರೇಡ್ ಕೈಗೆ ಸಿಗಲ್ಲ. ಸುಮ್ನೆ ಗುದ್ದಾಡದೆ ಗುರಿಯನ್ನು ಒಂದು ಗ್ರೇಡ್ ಇಳಿಸಿ ಮತ್ತೆ ಲೆಕ್ಕ ಹಾಕಿ. ತೀರಾ ಕಡಿಮೆ ಬಂದರೆ ಆ ವಿಷಯಕ್ಕೆ ಬರೀ ರಿವಿಷನ್ ಸಾಕು.

ಉಳಿದವನ್ನು ಪಾಲು × ಕ್ರೆಡಿಟ್ ಪ್ರಕಾರ ಇಳಿಕೆಯಲ್ಲಿ ಜೋಡಿಸಿ. ಪಾಲು 70, ಕ್ರೆಡಿಟ್ 4 ಇರುವುದಕ್ಕೆ 280. ಪಾಲು 20, ಕ್ರೆಡಿಟ್ 3 ಆದರೆ ಬರೀ 60. ಓದುವ ಸರದಿ ಇದೇ. ಪರೀಕ್ಷೆಯಲ್ಲೇ ಪ್ರತ್ಯೇಕವಾಗಿ ಪಾಸಾಗಬೇಕು ಎಂಬ ನಿಯಮವಿದ್ದರೆ, ಬೇಕಾದ ಅಂಕ ಆ ಪಾಸ್ ಅಂಕಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ.